ಹೆಳವನ ಬಾಯಲ್ಲಿಲ್ಲದ ಹೆಸರು

ಪುಷ್ಯ ಮಾಸದ ಅವರಾತ್ರಿ ಅಮಾವಾಸ್ಯೆ ಆಗಷ್ಟೇ ಕಳೆದಿತ್ತು. ಬಿಳಿಜೋಳದ ತೆನೆ ಬಲಿಯುವ ಚಳಿ. ಮೊದಲ ಕೋಳಿ ಕೂಗಿತ್ತು, ಎರಡನೆಯದು ಇನ್ನೂ ಕೂಗಿರಲಿಲ್ಲ. ಆ ಹೊತ್ತಿಗೆ ಚಿಮ್ಮಡದ ಓಣಿಯಲ್ಲಿ ಹೆಳವನ ಗಂಟೆ ಕೇಳಿಸಿತು. ಊರಿಗೂರೇ ಹಾಸಿಗೆ ಹಿಡಿದ ದೊಡ್ಡ ಜ್ವರದ ವರ್ಷ ದಾಟಿ ಆರೇಳು ಸುಗ್ಗಿ ಆಗಿದ್ದವು. ಇದು ಆಗಿನ ಮಾತು.

ಕಾಶಪ್ಪ ಕಂಬಳಿಯೊಳಗೇ ಕಣ್ಣು ಬಿಟ್ಟ. ಎದ್ದು ಕೂಡಲಿಲ್ಲ. ಗಂಟೆ ಎಲ್ಲಿ ನಿಲ್ಲುತ್ತದೆ ಎಂಬುದು ಅವನಿಗೆ ಗೊತ್ತಿತ್ತು, ಆದರೂ ಕಿವಿ ಆ ಕಡೆಗೇ ಹೋಯಿತು. ಹೆಳವನೆಂದರೆ ಒಕ್ಕಲು ಮನೆತನಗಳ ಹಿರಿಯರ ಹೆಸರನ್ನೆಲ್ಲ ಬಾಯಲ್ಲಿ ಹೊತ್ತು ತಿರುಗುವವನು. ಯಾರ ಮಗ ಯಾರು, ಯಾರು ಎಲ್ಲಿಂದ ಬಂದರು, ಯಾರು ಎಲ್ಲಿಗೆ ಹೋದರು ಎಂಬುದನ್ನು ಅವನ ಅಪ್ಪ ಅವನಿಗೆ ಹೇಳಿರುತ್ತಾನೆ, ಅವನು ತನ್ನ ಮಗನಿಗೆ ಹೇಳುತ್ತಾನೆ. ಎತ್ತಿನ ಮೇಲೆ ಕೂತು, ಕಾಲು ಕಾಣದಂತೆ ಕಂಬಳಿ ಹೊದ್ದು, ಎರಡು ಮೂರು ವರ್ಷಕ್ಕೊಮ್ಮೆ ಬರುತ್ತಾನೆ. ಬಾವಿಕಟ್ಟೆಯ ಕಡೆಯಿಂದ ಬಂದರೆ ಮೊದಲು ಸಿಗುವುದು ಕಾಶಪ್ಪನ ಮನೆ. ಎತ್ತು ಅದನ್ನು ದಾಟಿತು. ಗೋಡೆಗೆ ಗೋಡೆ ಹೊಂದಿಕೊಂಡ ಹೊಳಬಸಪ್ಪನ ಬಾಗಿಲ ಮುಂದೆ ಗಂಟೆ ನಿಂತಿತು.

"ದಾಟಿ ಹೋತು ನೋಡ್ರಿ. ಇನ್ನ ಸುಮ್ನ ಮಲಕೋರಿ," ಅಂದಳು ಒಲೆ ಹೊತ್ತಿಸುತ್ತಿದ್ದ ಹೆಂಡತಿ ಮಾದೇವಿ.

"ಎತ್ತಿಗೂ ರೂಢಿ ಮಾಡಿಸಿಟ್ಟಾರ," ಅಂದ ಕಾಶಪ್ಪ.

ಹೊಳಬಸಪ್ಪನೂ ಕಾಶಪ್ಪನೂ ಒಬ್ಬನೇ ಮುತ್ತಜ್ಜನ ಮರಿಮಕ್ಕಳು. ಹೊಳಬಸಪ್ಪನ ಅಜ್ಜ ಹಿರಿಯ, ಕಾಶಪ್ಪನ ಅಜ್ಜ ಕಿರಿಯ. ಅಷ್ಟೇ. ಆ ಅಷ್ಟಕ್ಕೇ ಮದುವೆಗಳಲ್ಲಿ ಮೊದಲ ವೀಳ್ಯ ಹೊಳಬಸಪ್ಪನ ಕೈಗೆ. ಬೀಗರು ಬಂದರೆ ಮೊದಲು ಕೈಕಾಲಿಗೆ ನೀರು ಕೊಡುವುದು ಅವನ ಮನೆಯಲ್ಲಿ. ಕಾಶಪ್ಪನ ಬಾವಿ ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ. ಅವನ ಗಾಣದ ಬೆಲ್ಲವನ್ನು ಮಹಾಲಿಂಗಪುರದ ಪೇಟೆಯಲ್ಲಿ ಬಣ್ಣ ನೋಡಿಯೇ ಗುರುತಿಸುತ್ತಿದ್ದರು. ಹೊಳಬಸಪ್ಪನ ಜೋಳದಲ್ಲಿ ಅರ್ಧವನ್ನು ಗುಬ್ಬಿಗಳೇ ತಿನ್ನುತ್ತಿದ್ದವು, ಅವನು ಅದನ್ನೂ ನಗುತ್ತ ಹೇಳಿಕೊಂಡು ತಿರುಗುತ್ತಿದ್ದ. ಅವನ ನಗು ಕಂಡರೇ ಕಾಶಪ್ಪನ ಎದೆಯಲ್ಲಿ ಮೆಣಸಿನಕಾಯಿ ಸುಟ್ಟಂತಾಗುತ್ತಿತ್ತು.

ಗೋಡೆಯಾಚೆಯಿಂದ ಹೆಳವನ ರಾಗ ಕೇಳುತ್ತಿತ್ತು. "ಗಿರಿಮಲ್ಲಪ್ಪಗ ಮೂವರು ಗಂಡಮಕ್ಕಳು. ಹಿರ್ಯಾಂವ ಶಂಕರೆಪ್ಪ, ನಡುವಿನಾಂವ ಶಿದ್ರಾಮಪ್ಪ, ಕಿರ್ಯಾಂವ ರಾಮಣ್ಣ. ಡೋಗಿ ಬರದಾಗ ಶಂಕರೆಪ್ಪ ಹೆಂಡ್ತಿ ಕೂಸು ಕಟಗೊಂಡು ಮೂಡಲಕ ಹ್ವಾದ. ಅವನ ಮುಂದಿನ ಕುಡಿ ನಮ್ಮ ಬಾಯಾಗಿಲ್ಲ..."

ಐವತ್ತು ವರ್ಷದ ಹಿಂದಿನ ಆ ಬರದ ಮಾತನ್ನು ಕಾಶಪ್ಪ ಎಷ್ಟೋ ಸಲ ಕೇಳಿದ್ದ. ಇವತ್ತು ಮಾತ್ರ ದಡಕ್ಕನೆ ಎದ್ದು ಕೂತ. ಶಿದ್ರಾಮಪ್ಪ ಹೊಳಬಸಪ್ಪನ ಅಜ್ಜ. ರಾಮಣ್ಣ ತನ್ನಜ್ಜ. ಹಿರಿಯನೆಂದರೆ ಶಂಕರೆಪ್ಪ! ಅವನ ಕುಡಿ ಎಲ್ಲಿಯಾದರೂ ಬದುಕಿದ್ದರೆ ಹೊಳಬಸಪ್ಪನದು ಹಿರೇಮನೆ ಹೇಗಾಯಿತು? ಒಬ್ಬ ಮೊಮ್ಮಗ ಸಿಕ್ಕರೆ ಸಾಕು. ಅವನನ್ನು ತಂದು ಮೊದಲ ಚಾಪೆಯ ಮೇಲೆ ಕೂಡಿಸಿದರೆ ಹೊಳಬಸಪ್ಪ ಕೆಳಗೆ ಸರಿಯಲೇಬೇಕು. ತಾನು ಮೇಲೇರುವುದಿಲ್ಲ, ಇನ್ನೂ ಒಂದು ಸ್ಥಾನ ಕೆಳಗೇ ಹೋಗುತ್ತೇನೆ ಎಂಬುದು ಅವನಿಗೆ ಹೊಳೆಯದೆ ಇರಲಿಲ್ಲ. ಅದಕ್ಕೆ ಅವನ ತಕರಾರಿರಲಿಲ್ಲ.

ಹೆಳವ ತನ್ನ ಬಾಗಿಲಿಗೆ ಬಂದಾಗ ಕಾಶಪ್ಪ ಎಂದಿಗಿಂತ ಹೆಚ್ಚು ಕಾಳು ಹಾಕಿಸಿದ. "ಹೆಳವಪ್ಪ, ಮೂಡಲಕ ಅಂದ್ರ ಎಲ್ಲಿಗಿ?"

"ಬೀಳಗಿ ಕಡೆ ಅಂತಿದ್ರಿ ನಮ್ಮ ಹಿರ್ಯಾರು. ಅದು ನಮ್ಮ ಪಾಲಿನ ಸೀಮಿ ಅಲ್ರಿ ಯಜಮಾನ್ರ. ಅಲ್ಲಿ ಬ್ಯಾರೆ ಹೆಳವರ ಅದಾರ. ಅಲ್ಲಿಂದಾಚಿಗೆ ನಮಗ ಗೊತ್ತಿಲ್ಲ."

ಮರುದಿನ ಕಾಶಪ್ಪ ಬುತ್ತಿ ಕಟ್ಟಿಸಿಕೊಂಡ. ಕಬ್ಬು ಕಡಿಯಲು ಬಂದಿತ್ತು, ಗಾಣ ತಿರುಗುತ್ತಿತ್ತು. ಮಾದೇವಿ ಬಾಗಿಲಿಗೆ ಅಡ್ಡ ನಿಂತಳು. "ಗಾಣ ಬಿಟ್ಟು ಯಾರರ ಹೊಕ್ಕಾರೇನ್ರಿ? ಕೊಪ್ಪರಿಗ್ಯಾಗ ಬೆಲ್ಲ ಕರಿ ಆಗಿ ಕುಂತ್ರ?"

"ಆಗ್ಲಿ. ಹಿರ್ಯಾರ ರಕ್ತ ಹುಡಕಾಕ ಹೊಂಟೇನಿ."

"ರಕ್ತ ಅಲ್ಲ, ಹೊಟ್ಟಿಕಿಚ್ಚು," ಅಂದಳು ಮಾದೇವಿ. ಆದರೂ ಬುತ್ತಿಗೆ ಇನ್ನೆರಡು ರೊಟ್ಟಿ ಸೇರಿಸಿದಳು.

ಕಾಶಪ್ಪ ಮಹಾಲಿಂಗಪುರ ದಾಟಿದ. ಮುಧೋಳದಲ್ಲಿ ಸಂತೆಗೆ ಬಂದವರನ್ನೆಲ್ಲ ತಡೆದು ಕೇಳಿದ. ಒಬ್ಬ ಮುದುಕ ಅವನನ್ನು ಮೇಲಿಂದ ಕೆಳಗೆ ನೋಡಿ, "ಬರದಾಗ ಹೋದಾವ್ರ ವಾಸನಿ ಈಗ ಹಿಡೀಬೇಕಂದ್ರ ನಮ್ಮೂರ ಬ್ಯಾಟಿನಾಯಿ ಒಂದ ಒಯ್ಯಪಾ," ಅಂತ ನಕ್ಕ. ಕಾಶಪ್ಪ ನಗಲಿಲ್ಲ. ಸಂಸ್ಥಾನದ ಸೀಮೆ ಮುಗಿದು ಇಂಗ್ರೇಜಿ ಸರಕಾರದ ಖಾಲ್ಸಾ ಸೀಮೆ ಹತ್ತಿತು. ಊರು ಊರಿನ ಚಾವಡಿಯಲ್ಲಿ ಅವನದು ಒಂದೇ ಪ್ರಶ್ನೆ: "ಚಿಮ್ಮಡದಿಂದ ಬಂದ ಶಂಕರೆಪ್ಪನ ಗಂಡಮಕ್ಕಳು, ಮೊಮ್ಮಕ್ಕಳು ಯಾರರ ಅದಾರೇನು?"

ಬೀಳಗಿ ದಾಟಿದ ಮೇಲೆ ಒಂದು ಹಳ್ಳಿಯಲ್ಲಿ ಸಿಕ್ಕ ಆ ಸೀಮೆಯ ಹೆಳವ, "ಶಂಕರೆಪ್ಪ ಅಂತ ಒಬ್ಬಾಂವ ಇದ್ನಂತ. ಗಂಡಸಂತಾನ ಇಲ್ಲ, ಕುಡಿ ಅಲ್ಲಿಗಿ ನಿಂತೈತಿ," ಅಂದ. ಕಾಶಪ್ಪ ನಂಬಲಿಲ್ಲ. ಅದೇ ಊರಿನಲ್ಲಿ ಬಿಸಿಲು ತಡೆಯದೆ ಒಂದು ಮನೆಯ ಕಟ್ಟೆಯ ಮೇಲೆ ಕೂತ. ತಲೆ ನೆರೆಯುತ್ತಿದ್ದ ಹೆಂಗಸೊಬ್ಬಳು ನೀರು ತಂದಳು, ಕೇಳದೆಯೇ ರೊಟ್ಟಿ ಝುಣಕ ತಂದಿಟ್ಟಳು.

"ಯಾವೂರಪಾ?"

"ಚಿಮ್ಮಡ ಯವ್ವಾ. ಬನಹಟ್ಟಿ ಕಡೆ."

ಆಕೆಯ ಕೈ ರೊಟ್ಟಿಯ ಬುಟ್ಟಿಯ ಮೇಲೆ ಹಾಗೇ ನಿಂತಿತು. ಕಾಶಪ್ಪ ಅದನ್ನು ಕಂಡ. ಕಂಡದ್ದು ಮನಸ್ಸಿಗಿಳಿಯಲಿಲ್ಲ. "ಶಂಕರೆಪ್ಪನ ಗಂಡಮಕ್ಕಳ್ನ ಹುಡಕಾಕತ್ತೇನಿ ಯವ್ವಾ."

"ಶಂಕರೆಪ್ಪಗ ಗಂಡಮಕ್ಕಳು ಇದ್ದಿದ್ದಿಲ್ಲ," ಅಂದಳು ಆಕೆ. ಇನ್ನೇನೋ ಕೇಳುತ್ತಾನೆ ಎಂಬಂತೆ ಬಾಗಿಲಿಗೆ ಒರಗಿ ನಿಂತಳು. ಕಾಶಪ್ಪ ಉಂಡು ಕೈ ತೊಳೆದು, ಕೈ ಮುಗಿದು, ಬಂದ ದಾರಿ ಹಿಡಿದ.

ಊರಿಗೆ ಬಂದು ನೋಡಿದರೆ ಅವನ ಗಾಣದ ಮುಂದೆ ಹೊಳಬಸಪ್ಪ ಕೂತಿದ್ದ. ಕಾಶಪ್ಪ ಇಲ್ಲದ ದಿನಗಳಲ್ಲಿ ಅವನೇ ಗಾಣ ನಡೆಸಿದ್ದ. ಬೆಲ್ಲ ಕರಿಯಾಗಿರಲಿಲ್ಲ. "ಹೊಳಬಸಪ್ಪಣ್ಣ ಇದ್ರ ದಣಿವ ಗೊತ್ತಾಗೂದಿಲ್ಲ ಬಿಡ್ರಿ," ಅಂತ ಆಳೊಬ್ಬ ಬೇರೆ ಹೇಳಿದ. ಬೆಲ್ಲ ಕೆಟ್ಟಿದ್ದರೇ ಚೆನ್ನಾಗಿತ್ತು ಎನ್ನಿಸಿತು ಕಾಶಪ್ಪನಿಗೆ.

"ಶಂಕರೆಪ್ಪಜ್ಜನ ಮಂದೀನ ಹುಡಕಾಕ ಹೋಗಿದ್ಯಂತಲೋ! ನನಗೊಂದ ಮಾತ ಹೇಳಿದ್ರ ನಾನೂ ಬರ್ತಿದ್ನಲ್ಲಲೇ ಕಾಶ್ಯಾ," ಅಂದ ಹೊಳಬಸಪ್ಪ. ಅವನ ಮುಖದಲ್ಲಿ ಹುಸಿಯಿರಲಿಲ್ಲ. ಅದು ಇನ್ನೂ ಕೆಡುಕಾಯಿತು.

"ಯಾರೂ ಇಲ್ಲಣ್ಣ. ಗಂಡಸಂತಾನ ಇಲ್ಲಂತ. ಹೆಳವನೂ ಹೇಳಿದ, ನಾ ಉಂಡ ಮನಿ ಹೆಣ್ಣಮಗಳೂ ಹೇಳಿದ್ಲು."

ಹೊಳಬಸಪ್ಪ ಬಾಯಿಗೆ ಹಾಕಿಕೊಳ್ಳಲಿದ್ದ ಬೆಲ್ಲದ ಚೂರನ್ನು ಕೈಯಲ್ಲೇ ಹಿಡಿದ. "ಆಕಿಗಿ ಹ್ಯಾಂಗ ಗೊತ್ತು?"

"ಏನು?"

"ಶಂಕರೆಪ್ಪಜ್ಜಗ ಗಂಡಮಕ್ಕಳು ಇದ್ದಿದ್ದಿಲ್ಲ ಅಂತ ಆಕಿಗಿ ಹ್ಯಾಂಗ ಗೊತ್ತು? ಐವತ್ತ ವರ್ಷದ ಮಾತದು. ಆಕಿ ಹೆಸರ ಕೇಳಿದೇನು?"

ಕಾಶಪ್ಪ ಹೆಸರು ಕೇಳಿರಲಿಲ್ಲ. ಆಕೆ ಬಾಗಿಲಿಗೆ ಒರಗಿ ನಿಂತದ್ದು ಈಗ ಕಣ್ಣಿಗೆ ಕಟ್ಟಿತು.

ಕಾಶಪ್ಪನಿಂದ ಆ ಊರು, ಮನೆಯ ಗುರುತು ಕೇಳಿಕೊಂಡು ಬೆಳಗಾಗುವುದರೊಳಗೆ ಹೊಳಬಸಪ್ಪ ಚಕ್ಕಡಿ ಹೂಡಿಕೊಂಡು ಹೋದ. ವಾರದೊಳಗೆ ಆ ಹೆಂಗಸನ್ನು ಕರೆದುಕೊಂಡು ಬಂದ. ಶಿವಗಂಗವ್ವ, ಶಂಕರೆಪ್ಪನ ಒಬ್ಬಳೇ ಮಗಳು. ಬರದಲ್ಲಿ ಅಪ್ಪನ ಹೆಗಲ ಮೇಲೆ ಕೂತು ಊರು ಬಿಟ್ಟ ಐದಾರು ವರ್ಷದ ಕೂಸು ಆಕೆಯೇ. ಇಬ್ಬರಿಗೂ ವರಸೆಯಲ್ಲಿ ಸೋದರತ್ತೆ. ಗಂಡ, ಮಕ್ಕಳು, ಮೊಮ್ಮಕ್ಕಳಿದ್ದರು. ತವರು ಮಾತ್ರ ಇರಲಿಲ್ಲ.

ಊರೆಲ್ಲ ಹೊಳಬಸಪ್ಪನ ಅಂಗಳದಲ್ಲಿ ನೆರೆಯಿತು. "ಏನ ಬುದ್ಧಿ ನೋಡ್ರಿ ಹೊಳಬಸಪ್ಪಂದು, ಕುಂತಲ್ಲೆ ಹಿಡದ!" ಅಂದರು. ಬಿಸಿಲಲ್ಲಿ ಊರೂರು ನಡೆದವನು ಕಾಶಪ್ಪ. ಅವನ ಅಂಗಾಲಿನ ಬೊಬ್ಬೆ ಇನ್ನೂ ಆರಿರಲಿಲ್ಲ. ಹೊಳಬಸಪ್ಪ ಪ್ರತಿಯೊಬ್ಬರಿಗೂ, "ಕಾಶ್ಯಾನ ಮೊದಲ ಹೋದಾಂವ," ಅಂತ ಹೇಳುತ್ತಲೇ ಇದ್ದ. ಕೇಳಿದವರು ಕಾಶಪ್ಪನ ಕಡೆ ನೋಡಿ, ಮನೆಯೊಳಗೇ ಇದ್ದ ಎತ್ತನ್ನು ಊರೆಲ್ಲ ಹುಡುಕಿದವನನ್ನು ನೋಡುವಂತೆ ನಗುತ್ತಿದ್ದರು.

ಶಿವಗಂಗವ್ವ ಅವನನ್ನು ಕಂಡೊಡನೆ, "ಬಾರೋ ತಮ್ಮಾ. ತವರಿಂದ ನನ್ನ ಕಟ್ಟಿ ಮ್ಯಾಲ ಮೊದಲ ಕುಂತಾಂವ ನೀನ," ಅಂದಳು.

"ಮತ್ತ ಯಾಕ ಹೇಳ್ಲಿಲ್ಲ ಅತ್ತಿ, ನಾನ ಮಗಳು ಅಂತ?"

"ನೀ ಗಂಡಮಕ್ಕಳ್ನ ಕೇಳಿದಿ. ನಾ ಅದನ್ನ ಹೇಳಿದೆ. ಇನ್ನೊಂದ ಮಾತ ಕೇಳ್ತಿ ಅಂತ ನಿಂತಿದ್ದೆ."

ಆಕೆ ಮುನಿದು ಆಡಿದ ಮಾತಲ್ಲ. ಆದರೆ ಹಿಂದೆ ನಿಂತಿದ್ದ ಹೊಳಬಸಪ್ಪ ನಕ್ಕ, ಅವನೊಂದಿಗೆ ಆಕೆಯೂ ನಕ್ಕಳು. ಇಬ್ಬರ ನಗುವೂ ಒಂದೇ ನಮೂನೆ ಇತ್ತು. ಅದನ್ನು ಕಂಡು ಕಾಶಪ್ಪ ಮುಖ ತಿರುಗಿಸಿದ.

ಆಕೆ ಅಂಗಳದಲ್ಲೆಲ್ಲ ಓಡಾಡಿದಳು. ಬೇವಿನ ಗಿಡವನ್ನು ತಡವಿದಳು. "ಇಲ್ಲೆ ಎಲ್ಲೋ ಒಂದ ಹಗೇವ ಇತ್ತಲ್ಲೋ. ಒಳಗ ಇಳದ ಜ್ವಾಳ ಬಳದ ಕೊಡ್ತಿದ್ದೆ ನಮ್ಮವ್ವಗ. ಸಣ್ಣಾಕಿ ಅಂತ ನನ್ನ ಇಳಸ್ತಿದ್ರು."

"ನಮ್ಮನ್ಯಾಗ ಹಗೇವ ಇಲ್ಲಬೇ ಅತ್ತಿ. ನಾ ಹುಟ್ಟಿದಾಗಿಂದ ನೋಡಿಲ್ಲ," ಅಂದ ಹೊಳಬಸಪ್ಪ.

ಕಾಶಪ್ಪ ನೆಲ ನೋಡಿದ. ಕಾಳು ತುಂಬಿಡುವ ಆ ನೆಲದ ಕುಣಿ ಎಲ್ಲಿದೆ ಎಂಬುದು ಅವನಿಗೆ ಗೊತ್ತಿತ್ತು. ಮನೆ ಪಾಲಾದಾಗ ಅಂಗಳದ ಆ ತುಂಡು ಕಿರೇಮನೆಗೆ ಬಂದು, ಅದರ ಮೇಲೆ ದನದ ಕೊಟ್ಟಿಗೆ ಎದ್ದಿತ್ತು. ಹೋದ ವರ್ಷ ಗೂಟ ನೆಡುವಾಗ ಅವನ ಹಾರೆ ಹಗೇವಿನ ಬಾಯಿಗೆ ಮುಚ್ಚಿದ ಕಲ್ಲಿಗೆ ತಾಗಿತ್ತು. ಮಾದೇವಿಯೂ ನೋಡಿದ್ದಳು. ಹಗೇವು ಮೂವರು ಅಣ್ಣತಮ್ಮಂದಿರು ಒಂದಾಗಿದ್ದ ಕಾಲದ್ದು, ಗೊತ್ತಾದರೆ ಹಿರೇಮನೆಯದೆಂದು ಹೊಳಬಸಪ್ಪ ಅದರಲ್ಲೂ ಹಕ್ಕು ತೆಗೆದಾನು ಎಂದು ಕಾಶಪ್ಪ ಅದನ್ನು ಮತ್ತೆ ಮುಚ್ಚಿ, ಮೇಲೆ ಸೆಗಣಿ ಸಾರಿಸಿಬಿಟ್ಟಿದ್ದ.

ಗುರುವಾರ ಉಡಿ ತುಂಬುವುದೆಂದು ನಿಶ್ಚಯವಾಯಿತು. ತವರಿನವರು ಹೆಣ್ಣುಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು ಹಾಕಿ ಸೀರೆ ಕೊಟ್ಟರೆ, ಆಕೆ ಈ ಮನೆಯ ಮಗಳು ಎಂದು ನಾಲ್ಕು ಮಂದಿಯ ಮುಂದೆ ಹೇಳಿದ ಹಾಗೆ. ಕಾಶಪ್ಪ ಬನಹಟ್ಟಿಗೆ ಹೋಗಿ ಒಳ್ಳೆಯ ಇಳಕಲ್ ಸೀರೆ ತಂದ. ತನ್ನ ಮನೆಯಲ್ಲೇ ಮೊದಲ ಉಡಿ ಆಗಲಿ ಎಂದು ಅವನ ಆಸೆ. ಹುಡುಕಿದವನು ತಾನು, ಸೀರೆಯೂ ತನ್ನದೇ ಭಾರಿ.

"ಹೊಳಬಸಪ್ಪಣ್ಣಗ ಹೋಗಿ ಒಂದ ಮಾತ ಹೇಳ್ರಿ. ಆಂವ ಬ್ಯಾಡ ಅನ್ನಾಂವ ಅಲ್ಲ," ಅಂದಳು ಮಾದೇವಿ.

"ನಾ ಬೇಡೂದು, ಆಂವ ಕೊಡೂದು. ಅದೂ ಆಗ್ಬೇಕಾಗಿತ್ತೇನು?"

ಅವನು ಕೇಳಲಿಲ್ಲ. ಕೇಳದೆ ಉಳಿದ ಆಸೆ ಹೊಳಬಸಪ್ಪನಿಗೆ ತಿಳಿಯಲಿಲ್ಲ.

ಗುರುವಾರ ಹೊಳಬಸಪ್ಪನ ಪಡಸಾಲೆಯಲ್ಲಿ ಶಿವಗಂಗವ್ವನನ್ನು ಮಣೆಯ ಮೇಲೆ ಕೂಡಿಸಿದರು. ಊರ ಹೊರಗೆ ಇನ್ನೂ ಬಿಡಾರ ಕಿತ್ತಿರದ ಹೆಳವನನ್ನೂ ಕರೆಸಿದ್ದರು. ಹೊಳಬಸಪ್ಪನ ಹೆಂಡತಿ ರತ್ನಾಬಾಯಿ ಅಕ್ಕಿಯ ಮೊರ ಹಿಡಿದು ಬಂದಳು. ಶಿವಗಂಗವ್ವ ಸೆರಗು ಒಡ್ಡಿದಳು. ಆ ಮುಖದಲ್ಲಿ ಒಂದು ಬೆಳಕಿತ್ತು, ಮತ್ತು ಆ ಮುಖ ಹೊಳಬಸಪ್ಪನ ಕಡೆಗೆ ತಿರುಗಿತ್ತು.

ಕಾಶಪ್ಪನ ಬಾಯಿಂದ ಮಾತು ತಾನೇ ಬಂದಂತೆ ಬಂತು. "ನಿಂದರ್ರಿ. ಉಡಿ ತುಂಬೂಕಿಂತ ಮೊದಲ ಒಂದ ಮಾತ. ಈಕಿ ಶಂಕರೆಪ್ಪಜ್ಜನ ಮಗಳು ಅಂತ ಯಾರ ಹೇಳಾವ್ರು?"

ರತ್ನಾಬಾಯಿ ಅಕ್ಕಿಯ ಮೊರವನ್ನು ಹಿಂದಕ್ಕೆ ಎಳೆದುಕೊಂಡಳು.

"ಏನಂತಿಲೇ ಕಾಶ್ಯಾ?" ಅಂದ ಹೊಳಬಸಪ್ಪ. "ಆಕಿನ ಹೇಳ್ತಾಳಲ್ಲ."

"ಹೇಳಾಕೇನ, ಯಾರ ಬೇಕಾದ್ರೂ ಹೇಳ್ತಾರ. ಹೆಳವಪ್ಪ ಇಲ್ಲೆ ಕುಂತಾನಲ್ಲ, ಅವ್ನ ಕೇಳ್ರಿ."

ಎಲ್ಲರೂ ಹೆಳವನ ಕಡೆ ತಿರುಗಿದರು. ಅವನು ತಲೆ ತಗ್ಗಿಸಿಯೇ ಹೇಳಿದ. "ಶಂಕರೆಪ್ಪಗ ಒಂದ ಕೂಸ ಇತ್ತು ಅಂತೈತ್ರಿ. ಗಂಡೋ ಹೆಣ್ಣೋ ಅನ್ನೂದು ನಮ್ಮ ಬಾಯಾಗಿಲ್ಲ. ಹೆಣ್ಣಮಕ್ಕಳ ಹೆಸರ ನಾವ ಇಟಗೊಳ್ಳೂದಿಲ್ರಿ, ಅವ್ರು ಬ್ಯಾರೆ ಮನೀಗಿ ಹೋಗಾವ್ರು. ಇಲ್ಲದ್ದನ್ನ ಐತಿ ಅಂತ ಹ್ಯಾಂಗ ಹೇಳ್ಲಿ? ಈಕಿ ಅಲ್ಲ ಅಂತನೂ ನಾ ಹೇಳಂಗಿಲ್ರಿ."

ಶಿವಗಂಗವ್ವ ಸೆರಗನ್ನು ಒಡ್ಡಿದಂತೆಯೇ ಹಿಡಿದಿದ್ದಳು. "ಬೇವಿನ ಗಿಡಕ್ಕ ಬೆನ್ನ ಮಾಡಿ ನಿಂತ್ರ ಎಡಕ್ಕ ಹಗೇವ," ಅಂದಳು ಮೆಲ್ಲಗೆ. "ನಿನ್ನಿ ಗಿಡಕ್ಕ ಬೆನ್ನ ಹಚ್ಚಿ ನೋಡೇನಿ. ಅಲ್ಲಿ ಈಗ ಕಾಶಪ್ಪನ ಕೊಟಿಗಿ ಐತಿ. ಕಾಶಪ್ಪನ್ನ ಕೇಳ್ರಿ."

ಹೊಳಬಸಪ್ಪ ಕೇಳಿದ. "ಐತೇನೋ ತಮ್ಮಾ ನಿಮ್ಮ ಕೊಟಿಗ್ಯಾಗ?"

ಮಾದೇವಿ ಇಳಕಲ್ ಸೀರೆಯ ತಟ್ಟೆ ಹಿಡಿದು ಕಂಬದ ಪಕ್ಕ ನಿಂತಿದ್ದಳು. ಗಂಡನ ಮುಖವನ್ನೇ ನೋಡಿದಳು. ಕಾಶಪ್ಪ ಆ ಕಡೆ ನೋಡಲಿಲ್ಲ.

"ಇಲ್ಲ," ಅಂದ.

ಹಿಂದೆ ಕೂತವನೊಬ್ಬ, "ಹೋಗಿ ಅಗದ ನೋಡೂಣು," ಅಂದ. ಹೊಳಬಸಪ್ಪ ಕೈ ಅಡ್ಡ ಮಾಡಿದ. "ಬ್ಯಾಡ. ನಮ್ಮ ತಮ್ಮ ಇಲ್ಲ ಅಂದ್ರ ಇಲ್ಲ. ಅವನ ಮನಿ ಅಗ್ಯಾಕ ನಾವ್ಯಾರು? ಅತ್ತಿ, ಹಗೇವ ಇರ್ಲಿ ಬಿಡ್ಲಿ, ನೀ ನಮ್ಮ ಮನಿ ಮಗಳ. ರತ್ನಾ, ನೀ ತುಂಬು."

ಆದರೆ ಶಿವಗಂಗವ್ವ ಸೆರಗನ್ನು ಮಡಚಿ ಹೆಗಲಿಗೆ ಹಾಕಿಕೊಂಡಳು. "ಬ್ಯಾಡವಾ ರತ್ನಾ," ಅಂದಳು. "ಒಬ್ಬಾಂವ ಅಲ್ಲ ಅಂತಾನ, ಒಬ್ಬಾಂವ ಇರ್ಲಿ ಅಂತಾನ. ಇರ್ಲಿ ಅಂತ ಹಾಕೂ ಉಡಿ ನನಗ್ಯಾಕ?" ಮಣೆಯಿಂದ ಎದ್ದಳು. ಕಾಶಪ್ಪ ಬಯಸಿದಂತೆ ಹೊಳಬಸಪ್ಪನ ಮನೆಯಲ್ಲಿ ಮೊದಲ ಉಡಿ ಆಗಲಿಲ್ಲ.

ಮನೆಗೆ ಬಂದು ಮಾದೇವಿ ಸೀರೆಯ ತಟ್ಟೆಯನ್ನು ಅವನ ಮುಂದೆ ಕುಕ್ಕಿದಳು. "ನಾ ಅಲ್ಲೆ ಹೇಳ್ತಿದ್ದೆ. ನಾಕ ಮಂದ್ಯಾಗ ಗಂಡನ್ನ ಸುಳ್ಳಬುರುಕ ಮಾಡಬಾರ್ದು ಅಂತ ನಾಲಗಿ ಕಚ್ಚಿ ಹಿಡದೆ. ನಾಳಿ ಹೊತ್ತ ಏರೂದ್ರಾಗ ನೀವ ಹೇಳ್ರಿ, ಇಲ್ಲಂದ್ರ ನಾ ಹೇಳ್ತೇನಿ."

ಮುಂಜಾನೆ ಹೊಳಬಸಪ್ಪನ ಅಂಗಳದಲ್ಲಿ ಚಕ್ಕಡಿ ಹೂಡುತ್ತಿದ್ದರು. ರತ್ನಾಬಾಯಿ ಅಳುತ್ತಿದ್ದಳು. "ಇವತ್ತ ಶುಕ್ರಾರ ಅತ್ತಿ. ಶುಕ್ರಾರ ತವರಮನಿಯಿಂದ ಹೆಣ್ಣಮಗಳ್ನ ಕಳಸೂದಿಲ್ಲ. ನಾಳಿ ಹೋಗಬೇ, ನಿನ್ನ ಕಾಲ ಬೀಳ್ತೇನಿ."

"ತವರಮನಿ ಆಗಿದ್ರ ನಾನೂ ಶುಕ್ರಾರ ಹೋಗ್ತಿದ್ದಿಲ್ಲವಾ," ಅಂದಳು ಶಿವಗಂಗವ್ವ, ಚಕ್ಕಡಿಯಲ್ಲಿ ಕೂತು ಗಂಟನ್ನು ಮಡಿಲಿಗೆ ಎಳೆದುಕೊಳ್ಳುತ್ತ.

ಕಾಶಪ್ಪ ಬಂದು ಗಾಲಿಯ ಹತ್ತಿರ ನಿಂತ. "ಅತ್ತಿ, ಹಗೇವ ನಮ್ಮ ಕೊಟಿಗ್ಯಾಗ ಐತಿ. ನೀ ಹೇಳಿದಲ್ಲೆ ಐತಿ. ನಾ ಸುಳ್ಳ ಹೇಳಿದೆ."

ನೊಗ ಹಿಡಿದಿದ್ದ ಹೊಳಬಸಪ್ಪ ಹಾಗೇ ನಿಂತ. ಅವನು ಬೈದಿದ್ದರೆ ಕಾಶಪ್ಪನಿಗೆ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ, ನಗಲೂ ಇಲ್ಲ. ಹೊಳಬಸಪ್ಪ ನಗದೆ ನಿಂತದ್ದನ್ನು ಕಾಶಪ್ಪ ನೋಡಿದ್ದು ಅದೇ ಮೊದಲು.

"ಅದು ಅಲ್ಲಿರೂದು ನನಗ ಗೊತ್ತೈತಲ್ಲೋ," ಅಂದಳು ಶಿವಗಂಗವ್ವ. "ಅದರಾಗ ಇಳದಾಕಿ ನಾನು. ನಿನಗ ಗೊತ್ತೈತಿ ಅನ್ನೂದೂ ನಿನ್ನಿ ನಿನ್ನ ಮಾರಿ ನೋಡಿ ಗೊತ್ತಾತು."

"ಇಳಿ ಅತ್ತಿ. ಎಲ್ಲಾರ ಮುಂದ ಹೇಳ್ತೇನಿ, ಕಲ್ಲ ಎತ್ತಿ ತೋರಸ್ತೇನಿ. ಸೀರಿ ತಂದಿಟ್ಟೇನಿ. ಮೊದಲ ನಮ್ಮ ಮನ್ಯಾಗ ಉಡಿ ತುಂಬತೇವಿ, ಆಮ್ಯಾಲ ಅಣ್ಣನ ಮನ್ಯಾಗ..."

ಶಿವಗಂಗವ್ವ ಅವನನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಹಟ ಹಿಡಿದ ಕೂಸನ್ನು ನೋಡುವಂತಿತ್ತು. "ಇನ್ನೂ ಮೊದಲ ಅಂತಿ ನೋಡೋ ತಮ್ಮಾ," ಅಂದಳು.

ಮೊದಲ ಎಂಬ ಆ ಮಾತು ತನ್ನ ಬಾಯಿಂದ ಹೇಗೆ ಹೊರಬಿತ್ತೆಂದು ಕಾಶಪ್ಪನಿಗೇ ಗೊತ್ತಿರಲಿಲ್ಲ.

"ಗಾಲಿಗಿ ಅಡ್ಡ ನಿಂತಿ, ಸರಿ," ಅಂದ ಹೊಳಬಸಪ್ಪ. ಕಾಶ್ಯಾ ಅನ್ನಲಿಲ್ಲ, ತಮ್ಮಾ ಅನ್ನಲಿಲ್ಲ. ಚಕ್ಕಡಿಯ ಮುಂದಿನ ಈಸುಮರದ ಮೇಲೆ ಹತ್ತಿ ಕೂತು ಎತ್ತಿನ ಬಾಲ ಮುಟ್ಟಿದ.

ಚಕ್ಕಡಿ ಬಾವಿಕಟ್ಟೆಯ ಹತ್ತಿರ ಹೊರಳುವಾಗ ಶಿವಗಂಗವ್ವ ಮುಂದಕ್ಕೆ ಬಾಗಿ ಹೊಳಬಸಪ್ಪನಿಗೆ ಏನೋ ಹೇಳಿದಳು. ಅವನು ತಲೆಯಾಡಿಸಿದ. ಏನು ಹೇಳಿದಳೋ ಕಾಶಪ್ಪನಿಗೆ ಕೇಳಿಸಲಿಲ್ಲ. ತನ್ನನ್ನು ಬಿಟ್ಟು ಅವರಿಬ್ಬರೇ ಆಡಿಕೊಂಡ ಆ ಒಂದು ಮಾತು ಏನಿದ್ದೀತು ಎಂಬ ಉರಿ, ನಾಚಿಕೆಯನ್ನೂ ಹಿಂದೆ ಹಾಕಿ ಅವನ ಎದೆಗೆ ಹತ್ತಿತು. ದೂಳು ಕೂತ ಮೇಲೂ ಅವನು ಆ ಕಡೆಗೇ ನೋಡುತ್ತ ನಿಂತಿದ್ದ.

ಬೀಳಗಿ ಸೀಮೆಯ ಶಿವಗಂಗವ್ವ ಚಿಮ್ಮಡ ಬಿಟ್ಟು ಹೋದದ್ದು ಶಿವರಾತ್ರಿಗೆ ಮುಂಚಿನ ಶುಕ್ರವಾರ, ಹೊತ್ತು ಮಾರುದ್ದ ಏರಿದಾಗ.